ಐದು ನಿಮಿಷದ ಹವಾಮಾನ

ಏವ್ರಿಲ್‌ಗೆ ಟೀವಿ ಲೈಸೆನ್ಸ್ ಬಿಟ್ಟುಬಿಡು ಎಂದು ಹೇಳಿದವಳು ನಾನು. ಬೇರೆ ಯಾರಾದರೂ ಈ ಕಥೆ ಹೇಳಿದರೆ ಆ ಮಾತನ್ನು ನಡುವೆ ಎಲ್ಲೋ ತೇಲಿಸಿ ಮುಂದೆ ಹೋಗಿಬಿಟ್ಟಾರು. ಹಾಗಾಗಿ ನಾನೇ ಮೊದಲು ಹೇಳುತ್ತಿದ್ದೇನೆ.

ಗೂಲ್ ಎಂಬ ನಮ್ಮ ಬಂದರು ಊರಿನ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ನನ್ನದೂ ಏವ್ರಿಲ್ ಎಲ್ಸಮ್‌ಳದೂ ಎದುರುಬದುರು ಮನೆ. ಕೆಲಸವೂ ಒಂದೇ ಕಡೆ, ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ. ಇಪ್ಪತ್ತೆರಡು ವರ್ಷ ಅಕ್ಕಪಕ್ಕ ನಿಂತು ಆಲೂಗಡ್ಡೆ ಹಿಸುಕಿದ್ದೇವೆ. ಅವಳ ಗಂಡ ಬಿಟ್ಟುಹೋದಾಗ ಅವಳು ಅಳಲಿಲ್ಲ. ತಾಯಿ ತೀರಿಕೊಂಡಾಗ ಎರಡು ದಿನ ಅತ್ತು, ಮೂರನೆಯ ದಿನ ತಮ್ಮ ಕ್ಲೈವ್‌ನ ಮಂಚವನ್ನು ವ್ಯಾನಿನಲ್ಲಿ ಹಾಕಿಸಿಕೊಂಡು ತನ್ನ ಮನೆಗೆ ತಂದಳು. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಕ್ಲೈವ್ ಹುಟ್ಟುವಾಗ ಉಸಿರು ಬರುವುದು ತಡವಾಯಿತಂತೆ. ವಯಸ್ಸು ಐವತ್ತೊಂದಾದರೂ ಶೂ ಲೇಸು ಕಟ್ಟಲು ಅಕ್ಕ ಬೇಕಿತ್ತು. ದಪ್ಪ ಮೈ, ಕೆಂಪು ಕೆನ್ನೆ, ಜಿಪ್ಪನ್ನು ಗಂಟಲವರೆಗೂ ಎಳೆದುಕೊಂಡ ನೀಲಿ ಜಾಕೆಟ್ಟು. ವಾರಕ್ಕೆ ಮೂರು ದಿನ ಅವನಂಥವರಿಗೆಂದೇ ಇದ್ದ ಕೇಂದ್ರಕ್ಕೆ ಹೋಗಿಬರುತ್ತಿದ್ದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಸುಮ್ಮನಿರಲು ಮೊದಲೇ ಬರುತ್ತಿರಲಿಲ್ಲ.

ಸಂಜೆ ಆರೂವರೆಗೆ ನಮ್ಮ ಭಾಗದ ಸುದ್ದಿ ಬರುತ್ತದೆ. ಅದರ ಕೊನೆಗೆ ಐದು ನಿಮಿಷ ಹವಾಮಾನ. ಅದನ್ನು ಹೇಳುವ ಹುಡುಗಿ ಇಮೊಜೆನ್ ಕ್ಲೈವ್‌ನ ಸ್ನೇಹಿತೆ. ಹಾಗೆಂದು ಅವನು ನಂಬಿದ್ದ. ಆರೂವರೆಗೆ ಮೊದಲೇ ಕೈಕಾಲು ಮುಖ ತೊಳೆದು, ತಲೆ ಬಾಚಿ ಕೂರುತ್ತಿದ್ದ. ಅವಳು "ಎಲ್ಲರಿಗೂ ಶುಭಸಂಜೆ" ಎಂದರೆ ಇವನು "ಶುಭಸಂಜೆ ಇಮೊಜೆನ್, ಚೆನ್ನಾಗಿದೀಯಾ?" ಎನ್ನುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಮಾರನೆಯ ಬೆಳಿಗ್ಗೆ ಬೀದಿಯ ಮನೆಮನೆಗೂ ಒಪ್ಪಿಸುತ್ತಿದ್ದ.

"ಮಿಸೆಸ್ ಪಾಸ್ಕಿಟ್, ಹನ್ನೊಂದರ ಮೇಲೆ ಮಳೆ. ಬೆಡ್‌ಶೀಟು ಒಣಹಾಕ್ಬೇಡಿ."

"ಹಾಕಿಯಾಯ್ತಲ್ಲಪ್ಪ."

"ತೆಗೀರಿ ಮತ್ತೆ. ಇಮೊಜೆನ್ ಹೇಳಿದಾಳೆ."

ಎಂಬತ್ತರ ಆ ಮುದುಕಿ ಗೊಣಗಿಕೊಂಡೇ ತೆಗೆಯುತ್ತಿದ್ದಳು. ನಮ್ಮ ಬೀದಿಯಲ್ಲಿ ಯಾರೂ ಫೋನಿನಲ್ಲಿ ಹವಾಮಾನ ನೋಡುತ್ತಿರಲಿಲ್ಲ. ನೋಡಿದರೂ ಅವನ ಮುಂದೆ ಹೇಳುತ್ತಿರಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಸೆಪ್ಟೆಂಬರಿನಲ್ಲಿ, ಏವ್ರಿಲ್‌ಗೆ ಟೀವಿ ಲೈಸೆನ್ಸ್ ನವೀಕರಿಸುವ ಕಾಗದ ಬಂತು. ನಮ್ಮ ದೇಶದಲ್ಲಿ ಮನೆಯಲ್ಲಿ ಟೀವಿ ನೋಡಲು ವರ್ಷವರ್ಷ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕು. ಅದನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಬಂದಿದ್ದಳು. ಊಟದ ಗಲಾಟೆ ಮುಗಿದು ಟ್ರೇಗಳನ್ನು ತೊಳೆಯುತ್ತಿರುವಾಗ ತೆಗೆದು ತೋರಿಸಿದಳು.

"ಇದನ್ನ ಇನ್ನೂ ಕಟ್ತಾ ಇದೀಯಾ?" ಎಂದೆ. "ಯಾವ ಕಾಲದಲ್ಲಿದೀಯೇ ತಾಯಿ? ನಿಮ್ಮನೇಲಿ ಎಲ್ಲಾ ಸ್ಟ್ರೀಮಿಂಗೇ ತಾನೆ? ನನ್ನ ಮಗಳು ಬಂದು ಹಾಕ್ಕೊಟ್ಟಿದಾಳಲ್ಲ."

"ನಾನು ನೋಡೋದು ಅದೇ. ಧಾರಾವಾಹಿ, ಸಿನಿಮಾ, ಬೇಕಾದಾಗ ನೋಡ್ತೀನಿ."

"ಅದಕ್ಕೆ ಲೈಸೆನ್ಸ್ ಬೇಡ. ಪ್ರಸಾರ ಆಗ್ತಿರೋವಾಗ್ಲೇ ನೋಡಿದ್ರೆ ಮಾತ್ರ ಬೇಕು. ನಾವು ಬಿಟ್ಟು ಎರಡು ವರ್ಷ ಆಯ್ತು. ಬೇಡ ಅನ್ನೋ ಕಡೆ ಒಂದು ಟಿಕ್ ಹಾಕು, ಮುಗೀತು."

ಅವಳು ಕೈ ಒರೆಸಿಕೊಂಡಳು. "ಕ್ಲೈವ್ ಹವಾಮಾನ ನೋಡ್ತಾನಲ್ಲೇ. ಅದು ಆಗ್ತಿರೋವಾಗ್ಲೇ ನೋಡೋದಲ್ವಾ?"

"ಐದು ನಿಮಿಷ!" ಎಂದು ನಾನು ನಕ್ಕೆ. "ಐದು ನಿಮಿಷದ ಮೋಡ ನೋಡಿದ್ದಕ್ಕೆ ನಿಮ್ಮನೆ ಗೋಡೆಗೆ ಕಿವಿ ಇಟ್ಕೊಂಡು ಯಾರು ಕೂತಿರ್ತಾರೆ? ಆ ದುಡ್ಡಲ್ಲಿ ಅವನಿಗೊಂದು ಒಳ್ಳೆ ಕೋಟು ಕೊಡಿಸು."

ಪಾತ್ರೆ ತೊಳೆಯುತ್ತಿದ್ದ ಉಳಿದ ಇಬ್ಬರೂ ನಕ್ಕರು. ಏವ್ರಿಲ್ ನಗಲಿಲ್ಲ, ಆದರೆ ಅಂದೇ ಸಂಜೆ ಟಿಕ್ ಹಾಕಿದಳು. ಕ್ಲೈವ್‌ಗೆ ಕೋಟೂ ಬಂತು. ಅವನು ಅದನ್ನು ಹಾಕಿಕೊಳ್ಳಲಿಲ್ಲ. ನೀಲಿ ಜಾಕೆಟ್ಟೇ ಬೇಕೆಂದು ಹಟ ಹಿಡಿದ.

ಫೆಬ್ರವರಿಯ ಒಂದು ಗುರುವಾರ, ಮಧ್ಯಾಹ್ನ ಮೂರರ ಸುಮಾರಿಗೆ, ಲೈಸೆನ್ಸಿನವರ ಕಡೆಯ ಒಬ್ಬ ಮನುಷ್ಯ ಅವರ ಬಾಗಿಲು ತಟ್ಟಿದ. ಏವ್ರಿಲ್ ಔಷಧಿ ಅಂಗಡಿಗೆ ಹೋಗಿದ್ದಳು. ಅವನು ಏನು ಕೇಳಿದ, ಇವನು ಏನು ಹೇಳಿದ ಎಂಬುದು ನಮಗೆ ಆಮೇಲೆ ಕ್ಲೈವ್‌ನ ಬಾಯಿಂದಲೇ ಗೊತ್ತಾಯಿತು. ಅವನು ಅಕ್ಷರ ಬಿಡದೆ ಒಪ್ಪಿಸಿದ.

"ಟೀವಿ ಇದೆಯಾ ಅಂದ್ರು. ಇದೆ, ಬನ್ನಿ ನೋಡಿ ಅಂದೆ. ಯಾವಾಗ ನೋಡ್ತೀರಾ ಅಂದ್ರು. ದಿನಾ ಸಂಜೆ ಇಮೊಜೆನ್ ಬರ್ತಾಳೆ ಅಂದೆ. ಆವಾಗ್ಲೇ ನೋಡ್ತೀರಾ, ಆಮೇಲೆ ನೋಡ್ತೀರಾ ಅಂದ್ರು. ಆಮೇಲೆ ನೋಡಿದ್ರೆ ಅವಳು ಹೊರಟುಹೋಗಿರ್ತಾಳಲ್ಲ, ಆವಾಗ್ಲೇ ನೋಡ್ತೀನಿ ಅಂದೆ. ನಾನು ಟೀ ಬೇಕಾ ಅಂದೆ. ಬೇಡ ಅಂದ್ರು. ಸಹಿ ಮಾಡ್ತೀರಾ ಅಂದ್ರು. ಮಾಡಿದೆ."

ಸಹಿ ಮಾಡುವುದನ್ನು ಅವನು ಕೇಂದ್ರದಲ್ಲಿ ಒಂದಿಡೀ ಚಳಿಗಾಲ ಕೂತು ಕಲಿತಿದ್ದ. ಯಾರು ಕೇಳಿದರೂ ಮಾಡಿಕೊಡುತ್ತಿದ್ದ. ನನ್ನ ಮನೆಯ ಫ್ರಿಜ್ಜಿನ ಮೇಲೂ ಒಂದಿದೆ.

ಬಂದವನು ಕೆಟ್ಟವನೆಂದು ನಾನು ಹೇಳಲಾರೆ. ಬಾಗಿಲಲ್ಲಿ ನಿಂತು ಎರಡು ಮಾತಾಡಿದವರಿಗೆ ಕ್ಲೈವ್ ಎಂಥವನೆಂದು ಗೊತ್ತಾಗದೇ ಇರುತ್ತದೆಯೇ ಎಂದು ಮಾತ್ರ ಈಗಲೂ ಯೋಚಿಸುತ್ತೇನೆ.

ಏಪ್ರಿಲ್ ಎರಡನೆಯ ವಾರ ಕಾಗದ ಬಂತು. ಮೇಲೆ ಏವ್ರಿಲ್ ಹೆಸರಿರಲಿಲ್ಲ. ಮಿಸ್ಟರ್ ಕ್ಲೈವ್ ಎಲ್ಸಮ್ ಎಂದಿತ್ತು. ಹುಟ್ಟುಹಬ್ಬದ ಕಾರ್ಡು ಬಿಟ್ಟರೆ ಅವನ ಹೆಸರಿಗೆ ಯಾರೂ ಏನೂ ಬರೆದವರಲ್ಲ. ಅವನು ಅದನ್ನು ಒಡೆಯದೆ, ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲು ಮಿಸೆಸ್ ಪಾಸ್ಕಿಟ್ ಮನೆಗೆ, ಆಮೇಲೆ ನನ್ನ ಮನೆಗೆ ತಂದು ತೋರಿಸಿದ.

"ನಂಗೆ ಕಾಗದ ಬಂದಿದೆ, ಲೋರ್ನಾ. ಮಿಸ್ಟರ್ ಅಂತ ಹಾಕಿದಾರೆ ನೋಡು."

"ಪರವಾಗಿಲ್ವೇ, ದೊಡ್ಡ ಮನುಷ್ಯ ಆಗ್ಬಿಟ್ಟೆ!" ಎಂದೆ. ಸರ್ಕಾರಿ ಕಾಗದಗಳು ಬರುವ ಕಂದು ಬಣ್ಣದ ಲಕೋಟೆ ನೋಡಿಯೂ ನನಗೆ ಹೊಳೆಯಲಿಲ್ಲ.

ಅರ್ಧ ಗಂಟೆಗೆ ಏವ್ರಿಲ್ ನನ್ನನ್ನು ಕೂಗಿದಳು. ಹೋದಾಗ ಕಾಗದ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಲೈಸೆನ್ಸ್ ಇಲ್ಲದೆ ಟೀವಿ ನೋಡಿದ ಅಪರಾಧಕ್ಕೆ ಕ್ಲೈವ್ ಎಲ್ಸಮ್ ಮೇಲೆ ಮೊಕದ್ದಮೆ. ತಪ್ಪೊಪ್ಪಿಗೆಯೋ ಇಲ್ಲವೋ ಎಂದು ಇಪ್ಪತ್ತೊಂದು ದಿನದೊಳಗೆ ಬರೆದು ತಿಳಿಸಬೇಕು. ಕೆಳಗೆ ಅವನ ಹೇಳಿಕೆಯ ಪ್ರತಿ, ಅದರ ತುದಿಗೆ ಆ ದುಂಡನೆಯ ಸಹಿ.

ಕ್ಲೈವ್ ಒಮ್ಮೆ ಅಕ್ಕನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದ. "ಏನಂತೆ? ಏನು ಬರ್ದಿದಾರೆ?"

"ನಿನ್ನನ್ನ ಕೋರ್ಟಿಗೆ ಕರ್ದಿದಾರೆ, ಅದೇ ಬರ್ದಿದಾರೆ!" ಏವ್ರಿಲ್ ಕಿರುಚಿದಳು. ಅವಳು ಅವನ ಮೇಲೆ ಹಾಗೆ ಕಿರುಚಿದ್ದನ್ನು ನಾನು ಕೇಳಿರಲೇ ಇಲ್ಲ. "ಕಂಡಕಂಡವರ ಹತ್ರ ಯಾಕೋ ಒದರ್ತೀಯ? ಯಾರಾದ್ರೂ ಬಂದು ಏನಾದ್ರೂ ಕೇಳಿದ್ರೆ ಬಾಯಿ ಮುಚ್ಕೊಂಡು ಇರಕ್ಕೆ ಬರಲ್ವಾ? ನಿನ್ನ ಬಾಯಿಂದ ನಾವಿಬ್ರೂ ಬೀದಿಗೆ ಬೀಳ್ತೀವಿ. ಇನ್ಮೇಲೆ ಬಾಯಿ ಬಿಡ್ಬೇಡ, ಗೊತ್ತಾಯ್ತಾ? ಬಿಡ್ಬೇಡ!"

ಅವನು ತುಟಿಗಳನ್ನು ಒಳಗೆ ಮಡಚಿಕೊಂಡು, ಆಯಿತು ಎಂದು ತಲೆಯಾಡಿಸಿದ. ನಾನು ಅಲ್ಲೇ ನಿಂತಿದ್ದೆ. 'ಅವನದೇನೂ ತಪ್ಪಿಲ್ಲ, ಹೇಳಿಕೊಟ್ಟವಳು ನಾನು' ಎನ್ನಲು ಸರಿಯಾದ ಹೊತ್ತು ಅದಾಗಿತ್ತು. ನಾನು ಕೆಟಲ್ ಒಲೆಗಿಟ್ಟೆ.

ಸಿಟ್ಟು ಇಳಿದ ಮೇಲೆ ಏವ್ರಿಲ್ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಅದೇ ದಿನ ಲೈಸೆನ್ಸ್ ಮತ್ತೆ ಮಾಡಿಸಿದಳು. ತಮ್ಮ ಎಂಥವನು, ತಪ್ಪು ಯಾರದು ಎಂದು ನಾಲ್ಕು ಪುಟ ಬರೆದು, ಕೇಂದ್ರದವರ ಪತ್ರವನ್ನೂ ಸೇರಿಸಿ ಕಳಿಸಿದಳು. ಸಂಜೆ ಅವನ ಪಕ್ಕ ಕೂತು ತಬ್ಬಿಕೊಂಡು, "ನಂದೇ ತಪ್ಪು ಕಣೋ. ಬಾ, ಆರೂವರೆ ಆಯ್ತು, ಇಮೊಜೆನ್ ಬರ್ತಾಳೆ" ಎಂದಳು.

ಅವನು ಎದ್ದು ಅಡುಗೆಮನೆಗೆ ಹೋಗಿ ಟೀವಿಗೆ ಬೆನ್ನು ಹಾಕಿ ಕೂತ.

"ಲೈಸೆನ್ಸ್ ಬಂದಿದೆಯೋ. ಈಗ ಯಾರೂ ಏನೂ ಅನ್ನಲ್ಲ."

ಇಲ್ಲ ಎಂದು ತಲೆಯಾಡಿಸಿದ. ಮರುದಿನ, ಪ್ರಸಾರ ಮುಗಿದ ಮೇಲೆ ಅದೇ ಹವಾಮಾನವನ್ನು ಸ್ಟ್ರೀಮಿಂಗಿನಲ್ಲಿ ಹಾಕಿದಳು. ಅವನು ಬಾಗಿಲಲ್ಲಿ ನಿಂತು ಒಂದು ಕ್ಷಣ ನೋಡಿದ. "ಅವಳು ಹೊರಟುಹೋಗಿದಾಳೆ," ಎಂದು ಮೆತ್ತಗೆ ಹೇಳಿ ಒಳಗೆ ಹೋದ. ಏವ್ರಿಲ್ ಅದನ್ನು ನನಗೆ ಹೇಳುವಾಗ ನಗಲು ನೋಡಿದಳು, ಆಗಲಿಲ್ಲ.

ಬೀದಿಯಲ್ಲಿಯೂ ಅವನ ಮಾತು ನಿಂತಿತು. ಬೆಳಿಗ್ಗೆ ಕೇಂದ್ರದ ವ್ಯಾನಿಗೆ ಕಾಯುತ್ತ ನಿಂತವನನ್ನು ಮಿಸೆಸ್ ಪಾಸ್ಕಿಟ್ ಕೂಗಿ ಕೇಳುತ್ತಿದ್ದಳು: "ಏನಪ್ಪಾ ಕ್ಲೈವ್, ಬಟ್ಟೆ ಹಾಕ್ಲೋ ಬೇಡ್ವೋ?" ಅವನು ತುಟಿ ಮಡಚಿಕೊಂಡು ನೆಲ ನೋಡುತ್ತಿದ್ದ. ಬಾಗಿಲು ಬಡಿದ ಸದ್ದಾದರೆ ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ನಿಲ್ಲುತ್ತಿದ್ದ. ಬಡಿದವಳು ನಾನೇ ಆಗಿರುತ್ತಿದ್ದೆ, ಬಹಳ ಸಲ.

"ಸ್ವಲ್ಪ ದಿನ ಬಿಡು, ಸರಿಹೋಗ್ತಾನೆ," ಎಂದೆ ಏವ್ರಿಲ್‌ಗೆ. ನನ್ನ ಬುದ್ಧಿಮಾತುಗಳಿಗೇನೂ ಕೊರತೆ ಇರಲಿಲ್ಲ.

ಮೇ ತಿಂಗಳ ಮೂರನೆಯ ವಾರ ಅವನು ಊಟ ಬಿಟ್ಟ. ಸೋಮವಾರ ಅರ್ಧ ತಟ್ಟೆ ಉಳಿಸಿದ. ಅವನು ಪ್ರಾಣ ಬಿಡುತ್ತಿದ್ದ ಸಾಸೇಜನ್ನೂ ಮಂಗಳವಾರ ಮುಟ್ಟಲಿಲ್ಲ. ಮುನಿಸು ಇನ್ನೂ ಹೋಗಿಲ್ಲ ಎಂದುಕೊಂಡಳು ಏವ್ರಿಲ್. ಬುಧವಾರ ಅವನ ಹಣೆ ಬಿಸಿಯಿತ್ತು.

"ಏನಾಗ್ತಿದೆಯೋ? ಎಲ್ಲಾದ್ರೂ ನೋವಾ?"

ತಲೆಯಾಡಿಸಿದ. ಹೌದೋ ಅಲ್ಲವೋ ತಿಳಿಯಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದಳು. ಗುರುವಾರ ಬೆಳಿಗ್ಗೆ ಅವರು ಮರಳಿ ಫೋನ್ ಮಾಡಿದಾಗ ಅವನ ಜತೆಗೇ ಮಾತಾಡಬೇಕೆಂದರು. ಏವ್ರಿಲ್ ಫೋನನ್ನು ಅವನ ಕಿವಿಯ ಹತ್ತಿರ ಹಿಡಿದಳು. ಗುರುತಿಲ್ಲದ ದನಿಯೊಂದು ಒಂದರ ಮೇಲೊಂದು ಪ್ರಶ್ನೆ ಕೇಳಿತು. ಹೊಟ್ಟೆ ನೋವಿದೆಯಾ, ವಾಂತಿ ಆಯಿತಾ, ಎಷ್ಟು ದಿನದಿಂದ? ಕ್ಲೈವ್ ಅಕ್ಕನ ಮುಖವನ್ನೇ ನೋಡುತ್ತ ತುಟಿಗಳನ್ನು ಇನ್ನೂ ಬಿಗಿದುಕೊಂಡ. ಡಾಕ್ಟರು ಏವ್ರಿಲ್‌ಳನ್ನು ಕೇಳಿದರು. ಅವಳಿಗೆ ಗೊತ್ತಿದ್ದುದು ಇಷ್ಟೇ: ಸ್ವಲ್ಪ ಜ್ವರ, ಊಟ ಸೇರುತ್ತಿಲ್ಲ, ಮನಸ್ಸು ಸರಿಯಿಲ್ಲ. ಜ್ವರದ ಮಾತ್ರೆ, ಚೆನ್ನಾಗಿ ನೀರು, ಕಡಿಮೆಯಾಗದಿದ್ದರೆ ಮತ್ತೆ ಫೋನ್ ಮಾಡಿ ಎಂದರು.

ಶನಿವಾರ ಬೆಳಿಗ್ಗೆ ಸ್ನಾನದ ಮನೆಯಲ್ಲಿ ದೊಪ್ಪನೆ ಬಿದ್ದ. ಏವ್ರಿಲ್ ಕೂಗಿದ್ದು ನನ್ನ ಮನೆಗೆ ಕೇಳಿಸಿತು. ನಾನು ಓಡಿಹೋದಾಗ ಅವನು ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು ನೆಲದ ಮೇಲೆ ಮುದುಡಿದ್ದ. ಮುಖ ಬೂದಿಯಂತಾಗಿತ್ತು. ಬಾಯಿಂದ ಒಂದು ಸದ್ದಿಲ್ಲ.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ಆಸ್ಪತ್ರೆಯಲ್ಲಿ ಒಬ್ಬ ನರ್ಸು, ನನ್ನ ಮಗಳ ವಯಸ್ಸಿನವಳು, ಅವನ ಕಡೆ ಬಾಗಿ ಕೇಳಿದಳು: "ಎಲ್ಲಿ ನೋವಾಗ್ತಿದೆ ಹೇಳ್ತೀಯಾ, ರಾಜ?"

ಕ್ಲೈವ್ ಅವಳನ್ನು ನೋಡಲಿಲ್ಲ. ಏವ್ರಿಲ್‌ಳನ್ನು ನೋಡಿದ. ಅವನ ಕಣ್ಣಲ್ಲಿದ್ದುದು ನೋವಲ್ಲ, ಹೆದರಿಕೆ. ಅವನು ಏನು ಕೇಳುತ್ತಿದ್ದಾನೆಂದು ಏವ್ರಿಲ್‌ಗೆ ಅರ್ಥವಾಯಿತು. ಅರ್ಥವಾದ ಆ ಕ್ಷಣ ಅವಳ ಮುಖ ಹೇಗಾಯಿತೆಂದು ನಾನು ಬರೆಯಲಾರೆ.

"ಹೇಳು ಕಣೋ," ಎಂದಳು. "ಹೇಳು ನನ್ನಪ್ಪ. ಎಲ್ಲಾ ಹೇಳು."

"ಹೇಳಿದ್ರೆ ಪರವಾಗಿಲ್ವಾ?"

"ಪರವಾಗಿಲ್ಲ. ಏನೂ ಆಗಲ್ಲ. ಹೇಳು."

"ಕೋರ್ಟು?"

"ಯಾವ ಕೋರ್ಟೂ ಇಲ್ಲ. ನಾನಿದೀನಿ."

ಆಗ ಅವನು ಬಲಗೈ ಎತ್ತಿ ಹೊಟ್ಟೆಯ ಕೆಳಗೆ ಇಟ್ಟುಕೊಂಡ. "ಇಲ್ಲಿ," ಎಂದ. "ಭಾನುವಾರದಿಂದ. ತುಂಬಾ ನೋವು, ಏವ್ರಿಲ್. ಆಮೇಲೆ ಒಂದಿನ ಇರ್ಲಿಲ್ಲ. ಆಮೇಲೆ ಎಲ್ಲಾ ಕಡೆ ಆಯ್ತು."

ಅಪೆಂಡಿಕ್ಸ್, ಕರುಳಿನ ತುದಿಯಲ್ಲಿರುವ ಬೆರಳಷ್ಟು ಭಾಗ, ಕೊಳೆತು ಒಡೆದಿತ್ತಂತೆ. ಒಡೆದು ಮೂರು ದಿನವಾಗಿರಬಹುದು ಎಂದರು. ಆಪರೇಷನ್ ಮಾಡಿದರು, ಮಾಡಬಹುದಾದ್ದನ್ನೆಲ್ಲ ಮಾಡಿದರು. ನಂಜು ರಕ್ತಕ್ಕೆ ಸೇರಿಹೋಗಿತ್ತು. ಎರಡು ದಿನ ಅವನ ಬಾಯಿಯಲ್ಲಿ ಕೊಳವೆ ಇತ್ತು. ಏವ್ರಿಲ್ ಕೈ ಹಿಡಿದುಕೊಂಡು ಕೂತಿದ್ದಳು. ಮಾತಾಡು ಎಂದು ಹೇಳುವ ಹಾಗೂ ಇರಲಿಲ್ಲ. ಸೋಮವಾರ ಮಧ್ಯಾಹ್ನ, ಹೊರಗೆ ಒಳ್ಳೆಯ ಬಿಸಿಲಿರುವಾಗ, ಹೋಗಿಬಿಟ್ಟ.

ಅಂತ್ಯಕ್ರಿಯೆಗೆ ಬೀದಿಗೆ ಬೀದಿಯೇ ಬಂತು. ಮಿಸೆಸ್ ಪಾಸ್ಕಿಟ್ ಗಾಲಿಕುರ್ಚಿಯಲ್ಲಿ ಬಂದಳು. ಕೇಂದ್ರದ ಗೆಳೆಯರು ಪೆಟ್ಟಿಗೆಯ ಮೇಲೆ ತಾವು ಬಿಡಿಸಿದ ಚಿತ್ರಗಳನ್ನು ಅಂಟಿಸಿದರು. ಆಮೇಲೆ ಏವ್ರಿಲ್ ಮನೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಟೀ. ಎಲ್ಲರೂ ಅವನ ಬಗ್ಗೆ ಮಾತಾಡಿದರು, ನಕ್ಕರು, ಹೊರಟರು. ಏವ್ರಿಲ್ ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು.

ಜೂನಿನಲ್ಲಿ ಇನ್ನೊಂದು ಕಾಗದ ಬಂತು, ಮತ್ತೆ ಮಿಸ್ಟರ್ ಕ್ಲೈವ್ ಎಲ್ಸಮ್ ಹೆಸರಿಗೆ. ಅವನ ಪರಿಸ್ಥಿತಿಯನ್ನು ಗಮನಿಸಿ ಮೊಕದ್ದಮೆ ಹಿಂದಕ್ಕೆ ತೆಗೆದುಕೊಳ್ಳಲಾಗಿದೆ ಎಂದಿತ್ತು. ಅವನು ಇಲ್ಲವೆಂದು ತಿಳಿಸಲು ಏವ್ರಿಲ್ ಫೋನ್ ಮಾಡಿದಳು. ನಾನು ಪಕ್ಕದಲ್ಲಿದ್ದೆ. ಆ ಕಡೆಯ ಹುಡುಗಿ ಒಳ್ಳೆಯವಳು. ಎರಡು ಸಲ ಸಂತಾಪ ಹೇಳಿದಳು. ಕೊನೆಗೆ, ಕೇಳಲೇಬೇಕಾದ್ದಕ್ಕೆ ಕೇಳಿದಳು: "ಈಗ ಆ ಮನೇಲಿ ಯಾರಾದ್ರೂ ಟೀವಿ ನೋಡ್ತೀರಾ, ಮೇಡಂ?"

ಏವ್ರಿಲ್ ಫೋನನ್ನು ನನ್ನ ಕೈಗೆ ಕೊಟ್ಟಳು. "ಯಾರೂ ನೋಡಲ್ಲ," ಎಂದು ನಾನು ಹೇಳಿ ಇಟ್ಟೆ.

ಆಗ ನನಗೆ ತಡೆಯಲಾಗಲಿಲ್ಲ. "ಏವ್ರಿಲ್, ಬಿಟ್ಟುಬಿಡು ಅಂತ ಹೇಳಿದ್ದು ನಾನು. ಐದು ನಿಮಿಷ ತಾನೆ ಅಂತ ನಕ್ಕಿದ್ದು ನಾನು. ಅವತ್ತು ನೀನು ಅವನ ಮೇಲೆ ಕೂಗಾಡುವಾಗ್ಲೂ ನಿಂತ್ಕೊಂಡು ನೋಡ್ದೆ. ಒಂದು ಮಾತೂ ಆಡ್ಲಿಲ್ಲ. ನಂಗೆ ಏನಾದ್ರೂ ಅನ್ನು. ಬಯ್ಯಿ."

ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿದಳು. "ನೀನು ಹೇಳಿದ್ದು ಟೀವಿ ವಿಷಯ," ಎಂದಳು. "ಬಾಯಿ ಬಿಡ್ಬೇಡ ಅಂದಿದ್ದು ನಾನು. ಅವನು ಯಾವತ್ತೂ ನನ್ನ ಮಾತು ಮೀರಿದೋನಲ್ಲ, ಲೋರ್ನಾ. ಅಷ್ಟು ನೋವಲ್ಲೂ ಮೀರ್ಲಿಲ್ಲ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಎಳೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ಅವಳು ಕೆಲಸಕ್ಕೆ ಬಂದಳು. ಮೊದಲಿನಂತೆಯೇ ಚೊಕ್ಕ ಕೆಲಸ. ಒಂದು ಮಾತ್ರ ಬದಲಾಗಿದೆ. ಊಟದ ಸಾಲಿನಲ್ಲಿ ಯಾವುದಾದರೂ ಮಗು ಸಪ್ಪಗಿದ್ದರೆ, ಏನು ಬೇಕು ಎಂದದ್ದಕ್ಕೆ ಉತ್ತರ ಕೊಡದಿದ್ದರೆ, ಅವಳು ಸೌಟು ಕೆಳಗಿಟ್ಟು, ಕೌಂಟರು ಸುತ್ತಿ ಹೊರಗೆ ಬಂದು, ಆ ಮಗುವಿನ ಮುಂದೆ ಮೊಣಕಾಲೂರಿ ಕೂರುತ್ತಾಳೆ. "ಎಲ್ಲಾದ್ರೂ ನೋವಾ ಕಂದ? ಹೇಳು. ಹೇಳಿದ್ರೆ ಯಾರೂ ಬಯ್ಯಲ್ಲ." ಹಿಂದಿನ ಮಕ್ಕಳು ಕಾಯುತ್ತಾರೆ, ಊಟ ಆರುತ್ತದೆ. ಹೀಗೆ ಮಾಡಿದರೆ ಮಕ್ಕಳಿಗೆ ಗಾಬರಿಯಾಗುತ್ತದೆ ಎಂದು ಹೆಡ್‌ಮಿಸ್ಟ್ರೆಸ್ ಅವಳನ್ನು ಕರೆದು ಮೆತ್ತಗೆ ಹೇಳಿದರು. ಇನ್ನು ಮಾಡುವುದಿಲ್ಲ ಎಂದು ಒಪ್ಪಿ ಬಂದಳು. ಮಾರನೆಯ ದಿನವೇ ಮತ್ತೆ ಮಾಡಿದಳು.

ಕಳೆದ ಮಂಗಳವಾರ ಮೊದಲನೆಯ ತರಗತಿಯ ಒಂದು ಪುಟ್ಟ ಹುಡುಗಿ, ಎರಡು ಜಡೆಯವಳು, ಖಾಲಿ ತಟ್ಟೆ ಹಿಡಿದು ಮಾತಿಲ್ಲದೆ ನಿಂತುಬಿಟ್ಟಳು. ಏವ್ರಿಲ್ ಹೊರಗೆ ಹೋಗಿ ಅವಳ ಮುಂದೆ ಕೂತಳು. ಎಷ್ಟು ಕೇಳಿದರೂ ಹುಡುಗಿ ತುಟಿ ಬಿಚ್ಚಲಿಲ್ಲ. ಕೊನೆಗೆ ಹುಡುಗಿ ಅವಳ ಕಿವಿಯ ಹತ್ತಿರ ಬಾಗಿ, ನನಗೂ ಕೇಳಿಸುವಂತೆ, "ನಂಗೆ ಬಟಾಣಿ ಇಷ್ಟ ಇಲ್ಲ," ಎಂದಳು.

"ಅಷ್ಟೇನಾ?" ಎಂದಳು ಏವ್ರಿಲ್. "ಬೇರೆ ಏನೂ ಇಲ್ವಾ?"

"ಅಷ್ಟೇ."

ಏವ್ರಿಲ್ ಎದ್ದು, ಏಪ್ರನ್ ಸರಿಮಾಡಿಕೊಂಡು, ಸೀದಾ ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಸಾಲು ಇನ್ನೂ ಉದ್ದ ಇತ್ತು. ನಾನು ಅವಳ ಸೌಟನ್ನೂ ಎತ್ತಿಕೊಂಡು, ಬಟಾಣಿ ಬಿಟ್ಟು ಉಳಿದದ್ದನ್ನು ಆ ಹುಡುಗಿಯ ತಟ್ಟೆಗೆ ಬಡಿಸಿದೆ.